ಟಾರ್ಚು: ಮನೆಗಾ, ಕೊಡ್ಲಿಕ್ಕಾ?

ಹೆಂಗಸಿನ ವಯಸ್ಸು ಕೇಳಬಾರದು ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ನಿಜಕ್ಕೂ ಕೇಳುವ ಅಗತ್ಯವೇ ಇಲ್ಲ. ಜನ ಅವಳಿಗೆ ಏನು ಉಡುಗೊರೆ ಕೊಡುತ್ತಾರೆಂದು ನೋಡಿದರೆ ಸಾಕು. ಮದುವೆಯಾದ ಹೊಸದರಲ್ಲಿ ನನಗೆ ಸೀರೆ ಬರುತ್ತಿತ್ತು, ಸೆಂಟಿನ ಬಾಟಲಿ ಬರುತ್ತಿತ್ತು. ಮಕ್ಕಳಾದ ಮೇಲೆ ಕುಕ್ಕರು, ಕ್ಯಾಸರೋಲು. ಮಕ್ಕಳಿಗೆ ಮದುವೆಯಾದ ಮೇಲೆ ಶಾಲು, ಶುಗರ್‌ಫ್ರೀ ಬಿಸ್ಕತ್ತು. ಈಗ ಟಾರ್ಚು ಬರುತ್ತಿದೆ. ಟಾರ್ಚಿನ ನಂತರದ ಉಡುಗೊರೆ ಯಾವುದೆಂದು ನಾನು ಹೆಚ್ಚು ಯೋಚಿಸಲು ಹೋಗಿಲ್ಲ. ಬಹುಶಃ ಅದನ್ನು ಹೂವಿನ ಅಂಗಡಿಯಿಂದ ತರುತ್ತಾರೆ.

ಇಷ್ಟಕ್ಕೆಲ್ಲ ಕಾರಣ ಒಂದು ಸ್ಲ್ಯಾಬು. ಪುತ್ತೂರಿನ ದರ್ಬೆಯಲ್ಲಿ ನಮ್ಮ ಮನೆ. ಮನೆಯ ಹಿಂದಿನ ಓಣಿಯ ಆಚೆ ತುದಿಯಲ್ಲಿ ನನ್ನ ಗೆಳತಿ ದೇವಕಿಯ ಮನೆ. ಅವಳು ಐವರ್ನಾಡಿನ ಗೌಡರ ಮಗಳು, ಮನೆಯಲ್ಲಿ ಅರೆಭಾಷೆ. ನಮ್ಮದು ತುಳು. ಜಗಳಕ್ಕೆ ಮಾತ್ರ ನಾವಿಬ್ಬರೂ ಕನ್ನಡಕ್ಕೆ ಬರುತ್ತೇವೆ, ಯಾರಿಗೂ ಅನ್ಯಾಯವಾಗಬಾರದೆಂದು. ಸಂಜೆಯ ಟೀ ಮುಗಿಸಿ ನಾನು ಅವಳಲ್ಲಿಗೆ ಹೋಗುವುದು, ಇಬ್ಬರೂ ಕೂತು ಲೂಡೋ ಆಡುವುದು, ಕತ್ತಲಾದ ಮೇಲೆ ನಾನು ಮನೆಗೆ ಬರುವುದು. ದಿನದ ಉಳಿದೆಲ್ಲ ಹೊತ್ತನ್ನು, ಟೀವಿಯ ಪ್ಯಾನೆಲ್ ಡಿಸ್ಕಶನ್‌ಗಳನ್ನೂ ಸೇರಿಸಿ, ನಾನು ಸಹಿಸಿಕೊಳ್ಳುವುದು ಆ ಲೂಡೋ ಆಟದ ಆಸೆಯಿಂದ. ಓಣಿಯ ನಡುವೆ ಚರಂಡಿಗೆ ಮುಚ್ಚಿದ ಕಾಂಕ್ರೀಟ್ ಸ್ಲ್ಯಾಬಿನ ಒಂದು ಮೂಲೆ ಮಳೆಗಾಲದಲ್ಲಿ ಮೇಲೆದ್ದಿತು. ಕತ್ತಲಲ್ಲಿ ಅದನ್ನು ಎಡವಿ ಬಿದ್ದೆ. ಮೊಣಕಾಲು ತರಚಿತು, ಕನ್ನಡಕದ ಕಾಲು ಮುರಿಯಿತು. ನಮ್ಮ ಮನೆಯಲ್ಲಿ ಅದನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದರು.

"ಇನ್ನು ಕತ್ತಲೆಗೆ ಹೋಗುದು ಬೇಡ ಮಾಮಿ," ಅಂದಳು ಸೊಸೆ ಶರ್ಮಿಳಾ. ಅತ್ತೆಗೆ ನಮ್ಮಲ್ಲಿ ಮಾಮಿ ಎನ್ನುತ್ತಾರೆ. ಶಬ್ದ ಮೃದು, ಆಜ್ಞೆ ಗಟ್ಟಿ. "ಫೋನಲ್ಲಿ ಲೂಡೋದ ಆ್ಯಪ್ ಉಂಟಲ್ಲ. ಕೂತಲ್ಲೇ ಆಡ್ಬಹುದು."

"ಆ್ಯಪಲ್ಲಿ ಮೋಸ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಮತ್ತೆ ಆಡುದು ಎಂತಕ್ಕೆ?" ಅಂದೆ.

ಮಗ ನಡುವೆ ಬಂದು ರಾಜಿ ಮಾಡಿಸಿದ. ಒಳ್ಳೆಯ ಟಾರ್ಚು ಹಿಡಿದುಕೊಂಡರೆ ಅಮ್ಮ ಹೋಗಬಹುದು. ಆದರೆ ಇನ್ನೊಮ್ಮೆ ಎಡವಿದರೆ ಸಂಜೆಯ ಸವಾರಿ ಶಾಶ್ವತವಾಗಿ ಬಂದ್. ಹೀಗೆ ನನ್ನ ಸ್ವಾತಂತ್ರ್ಯ ಅಂಗೈ ಅಗಲದ ಒಂದು ಎಲ್‌ಇಡಿ ಟಾರ್ಚಿಗೆ ಬಂದು ನಿಂತಿತು.

ಸುದ್ದಿ ಹಬ್ಬಿತು. ನಾನು ಬಿದ್ದಾಗ ನೋಡಲು ಬಾರದವರೆಲ್ಲ ಟಾರ್ಚು ಕಳಿಸಿದರು.

ಮೊದಲನೆಯದು ಮಗ ತರಿಸಿಕೊಟ್ಟದ್ದು. ಟ್ಯಾಕ್ಟಿಕಲ್ ಫ್ಲ್ಯಾಶ್‌ಲೈಟ್ ಎಂದು ಡಬ್ಬಿಯ ಮೇಲಿತ್ತು. ತುದಿಗೆ ಕಾರಿನ ಗಾಜು ಒಡೆಯಲು ಹಲ್ಲುಗಳು, ನೀರಿನಲ್ಲಿ ಮುಳುಗಿದರೂ ಕೆಡದಂತೆ ರಬ್ಬರಿನ ಬಳೆ, ಸಮುದ್ರದಲ್ಲಿ ದಿಕ್ಕು ತಪ್ಪಿದರೆ ಮಿನುಗಿಸಲು ಎಸ್‌ಓಎಸ್. ಲೂಡೋ ಆಡಿ ಬರುವ ಹೆಂಗಸಿಗೆ ಇವೆಲ್ಲ ಎಷ್ಟು ಅವಶ್ಯವೆಂದು ನೀವೇ ಊಹಿಸಬಹುದು. ಬಟನ್ ಒಂದೇ. ಒತ್ತಿದರೆ ಮಂದ, ಮತ್ತೆ ಒತ್ತಿದರೆ ಮಧ್ಯಮ, ಮತ್ತೆ ಒತ್ತಿದರೆ ಕಣ್ಣು ಕುಕ್ಕುವಷ್ಟು ಉಗ್ರ. ಅದನ್ನು ದಾಟಿದರೆ ಮಾತ್ರ ಆಫ್.

ಇದು ನನಗೆ ಹಾಸ್ಟೆಲಿನ ದಿನಗಳನ್ನು ನೆನಪಿಸಿತು. ನಮ್ಮ ಕನ್ನಡ ಟೀಚರ್ ಘಟ್ಟದ ಮೇಲಿನವರು. ಒಂದು ಸಂಜೆ ಕರೆಂಟು ಬಂದ ಕೂಡಲೇ ಚಿಮಿಣಿ ದೀಪ ತೋರಿಸಿ, "ದೀಪ ದೊಡ್ಡದು ಮಾಡಮ್ಮ" ಅಂದರು. ನಾನು ಬತ್ತಿ ಏರಿಸಿದೆ. ಅವರು ಮತ್ತೆ ಹೇಳಿದರು, ನಾನು ಮತ್ತೆ ಏರಿಸಿದೆ. ಗಾಜು ಮಸಿ ಹಿಡಿದು ಕಪ್ಪಾಯಿತು. ಆರಿಸು ಎನ್ನುವುದು ಅಶುಭವಾದ್ದರಿಂದ ಅವರ ಕಡೆ ದೊಡ್ಡದು ಮಾಡು ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅಂದು ನಾನು ದಡ್ಡಿಯೆಂದು ಇಡೀ ಕ್ಲಾಸು ನಕ್ಕಿತು. ಇಂದು ಟ್ಯಾಕ್ಟಿಕಲ್ ಟಾರ್ಚು ಮಾಡುತ್ತಿರುವುದೂ ಅದನ್ನೇ. ಆರಬೇಕಾದರೆ ಮೊದಲು ದೊಡ್ಡದಾಗುತ್ತದೆ. ಯಾವುದೋ ದೇಶದ ಕಾರ್ಖಾನೆಗೆ ನಮ್ಮ ಟೀಚರಿನ ಸಂಸ್ಕಾರ ಹೇಗೆ ಮುಟ್ಟಿತೋ ತಿಳಿಯದು.

ಎರಡನೆಯದು ಕಡಬದ ಒಂದು ಗೃಹಪ್ರವೇಶದಲ್ಲಿ ಸಿಕ್ಕಿದ್ದು. ಈಗ ರಿಟರ್ನ್ ಗಿಫ್ಟಿಗೂ ಟಾರ್ಚು ಕೊಡುತ್ತಾರೆ. ಮೈಮೇಲೆ ಗಂಡ ಹೆಂಡತಿಯ ಹೆಸರು, ಮನೆಯ ಹೆಸರು, ಶುಭ ಕೋರುವವರ ಪಟ್ಟಿ. ಓದಲು ಇನ್ನೊಂದು ಟಾರ್ಚು ಬೇಕು. ಗೋಡೆಗೆ ಚುಚ್ಚಿ ಚಾರ್ಜ್ ಮಾಡುವಂಥದ್ದು. ಕರೆಂಟು ಇದ್ದಾಗ ಟಾರ್ಚಿನ ನೆನಪಾಗುವುದಿಲ್ಲ, ಟಾರ್ಚು ನೆನಪಾದಾಗ ಕರೆಂಟಿರುವುದಿಲ್ಲ.

ಮೂರನೆಯದನ್ನು ಕಲ್ಲುಗುಂಡಿಯಲ್ಲಿರುವ ತಮ್ಮನ ಮಗ ಕೊಟ್ಟ. ಕೆಮ್ಮಿನ ಮಿಠಾಯಿಯಷ್ಟಿದೆ, ಕೀ ಗೊಂಚಲಿಗೆ ಸಿಕ್ಕಿಸಿಕೊಳ್ಳಬೇಕು. ಬೆಳಕು ನಿಜಕ್ಕೂ ಚೆನ್ನಾಗಿದೆ. ಆದರೆ ನನ್ನ ವ್ಯಾನಿಟಿ ಬ್ಯಾಗಿನೊಳಗೆ ಅದನ್ನು ಹುಡುಕಲು ಬೇಕಾದಷ್ಟು ಬೆಳಕು ಅದು ಸಿಕ್ಕಿದ ಮೇಲಷ್ಟೇ ದೊರೆಯುತ್ತದೆ. ಈ ಸಮಸ್ಯೆಯನ್ನು ಕಾಂಪ್ಯಾಕ್ಟ್ ಎಂಬ ಶಬ್ದ ಕಂಡುಹಿಡಿದವರು ಯೋಚಿಸಿದಂತಿಲ್ಲ.

ನಾಲ್ಕನೆಯದು ದೇವಕಿಯ ಅಣ್ಣನಿಂದ ಬಂತು. ರಬ್ಬರ್ ಮರದ ಹಾಲಿಳಿಸುವ ಟ್ಯಾಪಿಂಗಿನವರು ಬೆಳಕು ಹರಿಯುವ ಮೊದಲು ಹಣೆಗೆ ಕಟ್ಟಿಕೊಳ್ಳುವ ಲೈಟು. ಎರಡು ಕೈಯೂ ಖಾಲಿ ಇರುತ್ತದೆ ಎಂಬುದು ಅದರ ಹೆಗ್ಗಳಿಕೆ. ಕಟ್ಟಿಕೊಂಡು ಅಂಗಳಕ್ಕಿಳಿದೆ. ನಮ್ಮದೇ ನಾಯಿ ನನ್ನನ್ನು ಒಳಗೆ ಬಿಡಲಿಲ್ಲ.

ನಮ್ಮ ಅಜ್ಜಂದಿರಿಗೆ ಈ ಹೋಲಿಕೆಯ ತಲೆನೋವಿರಲಿಲ್ಲ. ಒಣ ತೆಂಗಿನ ಗರಿ ಕಟ್ಟಿ ಸೂಟೆ ಮಾಡಿ ಬೀಸುತ್ತಾ ಹೋಗುತ್ತಿದ್ದರು. ಒಂದೇ ಮಾಡೆಲ್. ಹೆಚ್ಚು ಬೆಳಕು ಬೇಕಾದರೆ ಜೋರಾಗಿ ಬೀಸುವುದು, ಅಷ್ಟೆ. ಆಮೇಲೆ ಸ್ಟೀಲಿನ ಉದ್ದ ಟಾರ್ಚು ಬಂತು. ನನ್ನ ಮಾವನವರ ಬಳಿ ಒಂದಿತ್ತು. ಅದನ್ನು ಬೆಳಕಿಗೆ ಬಳಸಿದ್ದಕ್ಕಿಂತ ಮಾತಿನ ನಡುವೆ ಮೇಜು ಕುಟ್ಟಲು ಬಳಸಿದ್ದೇ ಹೆಚ್ಚು. ಸೆಲ್ಲು ಸೋತರೆ ಬಿಸಿಲಿಗೆ ಹಪ್ಪಳದ ಪಕ್ಕ ಒಣಗಲು ಇಡುತ್ತಿದ್ದರು. ಎರಡಕ್ಕೂ ಕಾಗೆ ಕಾಯುವ ಕೆಲಸ ಹೊಸ ಸೊಸೆಯದು, ಅಂದರೆ ನನ್ನದು. ಈಗ ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಕಾನ್ವೆಂಟಿನ ಚಾಪೆಲ್‌ನಲ್ಲಿ ನಾವು ಬೆಳಕು ಎಂಬರ್ಥದ ಆ ಲ್ಯಾಟಿನ್ ಶಬ್ದವನ್ನು ಕಣ್ಣು ಮುಚ್ಚಿ ಹಾಡುತ್ತಿದ್ದೆವು. ಆಗ ಅದು ದೇವರಿಗೆ ಸಂಬಂಧಪಟ್ಟಿತ್ತು. ಈಗ ಡಬ್ಬಿಯ ಮೇಲೆ ಸಾವಿರಗಟ್ಟಲೆ ಇರುತ್ತದೆ, ಪಕ್ಕದಲ್ಲೇ ವಾರಂಟಿ ಇಲ್ಲ ಎಂದೂ ಇರುತ್ತದೆ.

ಇಷ್ಟೆಲ್ಲ ಇದ್ದೂ ಕೈಗೆ ಒಗ್ಗುವಂಥದ್ದು ಒಂದೂ ಇಲ್ಲದ್ದರಿಂದ ನಾನೇ ಪೇಟೆಗೆ ಹೋದೆ. ದೇವಕಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಅವಳಿಗೂ ಏನಾದರೂ ಕೊಡಬೇಕಿತ್ತು. ಟಾರ್ಚು ಬೇಕು ಎಂದ ಕೂಡಲೇ ಅಂಗಡಿಯವರು ಕೇಳಿದರು, "ಮನೆಗಾ ಅಮ್ಮ, ಕೊಡ್ಲಿಕ್ಕಾ?"

"ಎರಡಕ್ಕೂ ಬೇರೆ ಬೇರೆ ಉಂಟಾ?"

"ಉಂಟಲ್ಲ. ಮನೆಗಾದ್ರೆ ಬಾಳಿಕೆ ಬರುವಂಥದ್ದು. ಕೊಡ್ಲಿಕ್ಕಾದ್ರೆ ನೋಡ್ಲಿಕ್ಕೆ ಲಾಯ್ಕ್ ಇರುವಂಥದ್ದು."

"ಕೊಟ್ಟದ್ದು ಬಾಳಿಕೆ ಬರುದು ಬೇಡ್ವಾ?"

"ಅವರು ನಿಮ್ಮ ಹತ್ರ ಕಂಪ್ಲೇಂಟ್ ಹೇಳ್ಲಿಕ್ಕಿಲ್ಲಲ್ಲ ಅಮ್ಮ."

ನಮ್ಮ ಸಮಾಜದ ಉಡುಗೊರೆ ಶಾಸ್ತ್ರವನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ನನ್ನ ಮನೆಗೆ ಬಂದ ನಾಲ್ಕೂ 'ಕೊಡ್ಲಿಕ್ಕೆ' ಜಾತಿಯವೆಂದು ಆಗ ಹೊಳೆಯಿತು. ತಿಳಿವಳಿಕೆ ಬಂತು ಎಂದ ಮಾತ್ರಕ್ಕೆ ನಡತೆ ಬದಲಾಗಬೇಕೆಂದಿಲ್ಲವಲ್ಲ. ನನಗೆ ಮನೆಯದ್ದು ಕೊಂಡೆ: ಗಿಡ್ಡ, ಕಪ್ಪು, ಸಣ್ಣ ಸೆಲ್ಲಿನದು, ಒತ್ತಿದರೆ ಹತ್ತುತ್ತದೆ, ಒತ್ತಿದರೆ ಆರುತ್ತದೆ. ದೇವಕಿಗೆ ಕೊಡ್ಲಿಕ್ಕಿನದ್ದು ಕೊಂಡೆ: ಮಖಮಲ್ಲಿನ ಪೆಟ್ಟಿಗೆ, ಬಂಗಾರದ ಬಣ್ಣ, ಮೂತಿ ಎಳೆದರೆ ಝೂಮ್.

ದೇವಕಿಗೆ ಅದು ಬಹಳ ಇಷ್ಟವಾಯಿತು. ಆ ಖುಷಿಯಲ್ಲಿ ಅವಳು ಮೋಸ ಮಾಡುವುದನ್ನೂ ಮರೆತು ಸೋತಳು. ನಾನು ಹೊರಟಾಗ, "ನಿಲ್ಲಿ ಸರಳಕ್ಕ, ಬೆಳಕು ತೋರಿಸ್ತೇನೆ" ಎಂದು ಗೇಟಿಗೆ ಬಂದಳು.

ಈ ಬೆಳಕು ತೋರಿಸುವುದು ನಮ್ಮ ಕಡೆಯ ಮರ್ಯಾದೆ. ಕತ್ತಲೆಗೆ ಹೊರಟ ನೆಂಟರು ತಿರುವು ದಾಟುವವರೆಗೆ ಮನೆಯವರು ಅಂಗಳದ ತುದಿಯಲ್ಲಿ ದೀಪ ಎತ್ತಿ ಹಿಡಿದು ನಿಲ್ಲುತ್ತಾರೆ. ಅವರು ತೋರಿಸುತ್ತಿರುವಾಗ ನಾವು ನಮ್ಮದನ್ನು ಹೊತ್ತಿಸಿದರೆ ನಿಮ್ಮ ಬೆಳಕು ಸಾಲದು ಎಂದು ಹೇಳಿದಂತೆ. ಆದ್ದರಿಂದ ನಾನು, ಕಾನ್ವೆಂಟ್ ಮ್ಯಾನರ್ಸ್ ಮತ್ತು ತುಳುನಾಡಿನ ಮ್ಯಾನರ್ಸ್ ಎರಡನ್ನೂ ಕಲಿತವಳು, ನನ್ನ ಬಾಳಿಕೆಯ ಟಾರ್ಚನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡೆ.

ಈ ಪದ್ಧತಿ ಹುಟ್ಟಿದ್ದು ಚಿಮಿಣಿಯ ಕಾಲದಲ್ಲಿ. ಚಿಮಿಣಿಯ ಬೆಳಕು ಹಿಂದಿನಿಂದ ಹರಡಿಕೊಂಡು ಬರುತ್ತದೆ. ದೇವಕಿಯ ಬಂಗಾರದ ಟಾರ್ಚು ಝೂಮ್ ಮಾಡಿದ್ದರಿಂದ ನೇರ ನನ್ನ ಬೆನ್ನಿಗೆ ಬಂದು ಬಡಿಯಿತು. ಓಣಿಯಿಡೀ ಹಗಲಾಯಿತು, ನಾನು ಕಾಲಿಡುವ ಜಾಗ ಒಂದನ್ನು ಬಿಟ್ಟು. ಅಲ್ಲಿ ನನ್ನದೇ ನೆರಳು ತಾಳೆ ಮರದಷ್ಟು ಉದ್ದ ಬಿದ್ದಿತ್ತು. ಸಾಕು ಎನ್ನಲು ತಿರುಗಿದೆ, ಕಣ್ಣಿಗೇ ಬಿತ್ತು. "ಕಾಣ್ತದಾ ಸರಳಕ್ಕ?" ಎಂದು ಅವಳು ಅಲ್ಲಿಂದ ಕೂಗಿದಳು. ಮರ್ಯಾದೆಯವಳಾದ ನಾನು "ಲಾಯ್ಕ ಕಾಣ್ತದೆ" ಎಂದು ಹೇಳಿ, ಏನೂ ಕಾಣದೆ ಸ್ಲ್ಯಾಬಿನ ಎದ್ದ ಮೂಲೆಗೆ ಕಾಲು ಕೊಟ್ಟೆ. ಪಕ್ಕದ ಕಂಪೌಂಡ್ ಗೋಡೆ ಕೈಗೆ ಸಿಗದಿದ್ದರೆ ಈ ಪ್ರಬಂಧವನ್ನು ಮಲಗಿಕೊಂಡು ಬರೆಯಬೇಕಾಗುತ್ತಿತ್ತು.

ಗೋಡೆ ಹಿಡಿದು ತಲೆ ಎತ್ತಿದರೆ ಎದುರಿಗೆ ಶರ್ಮಿಳಾ. ನಾನು ಬರುವುದು ತಡವಾಯಿತೆಂದು ನೋಡಲು ಬಂದಿದ್ದಳು. ಎಡವಿದ್ದಕ್ಕೆ ಸಾಕ್ಷಿ ಸಿಕ್ಕಿತಲ್ಲ, ಇನ್ನು ಮುಗಿಯಿತು ಅಂದುಕೊಂಡೆ. ದೇವಕಿಯೂ ಟಾರ್ಚು ಹಿಡಿದುಕೊಂಡೇ ಓಡಿ ಬಂದಳು. ನನ್ನ ನೆರಳಿನಲ್ಲಿ ಸ್ಲ್ಯಾಬು ಕಾಣಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

"ಬೆಳಕು ತೋರಿಸಿದ್ದು ತಪ್ಪಾ ಹಾಗಾದ್ರೆ?" ಎಂದು ದೇವಕಿ ಮುಖ ಸಣ್ಣದು ಮಾಡಿದಳು.

"ತಪ್ಪಲ್ಲ ದೇವಕಿ ಅಕ್ಕ. ಮೊದ್ಲು ಅದನ್ನು ಕೆಳಗೆ ಹಿಡೀರಿ, ನನಗೂ ಎಂತದೂ ಕಾಣುದಿಲ್ಲ," ಅಂದಳು ಶರ್ಮಿಳಾ.

ಆಮೇಲೆ ಅವಳು ಫೋನಿನ ಲೈಟು ಹಾಕಿ ನನ್ನ ಪಕ್ಕ, ಅರ್ಧ ಹೆಜ್ಜೆ ಮುಂದೆ ನಡೆದಳು. ಆ ಬೆಳಕು ಡಬ್ಬಿಯಲ್ಲಿ ಬರೆದುಕೊಳ್ಳುವಷ್ಟೇನೂ ಇರಲಿಲ್ಲ. ನನ್ನ ಚಪ್ಪಲಿಗೆ ಸಾಕಾಗುವಷ್ಟಿತ್ತು. ಗೇಟಿನವರೆಗೂ ನಿಷೇಧದ ಮಾತು ಬರುತ್ತದೆಂದು ನಾನು ಕಾಯುತ್ತಿದ್ದೆ, ಬರಲಿಲ್ಲ. ಅದು ಇನ್ನೂ ಭಯಂಕರ.

ಮರುದಿನ ಟೀ ಕುಡಿದು, ಶಿಕ್ಷೆಯನ್ನು ನಾನೇ ಒಪ್ಪಿಕೊಂಡರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತದೆಂದು ಟೀವಿಯ ಮುಂದೆ ಕೂತೆ. ಶರ್ಮಿಳಾ ಬಂದು ನಿಂತಳು.

"ಹೋಗುದಿಲ್ವಾ ಮಾಮಿ?"

"ಬಿದ್ದರೆ?"

"ನೀವು ಹೋಗಿ. ಬರುವಾಗ ನಾನು ಕರ್ಕೊಂಡು ಬರ್ತೇನೆ. ಬೀಳುದಾದ್ರೆ ಇಬ್ಬರೂ ಒಟ್ಟಿಗೆ ಬೀಳುವ."

ಹಾಗೆ ಶುರುವಾಯಿತು. ಮೊದಲು ಅವಳು ದೇವಕಿಯ ಗೇಟಿನಲ್ಲಿ ನಿಂತು ಫೋನು ನೋಡುತ್ತಿದ್ದಳು. ಮತ್ತೆ ಜಗಲಿಗೆ ಬಂದಳು. ಈಗ ಹಳದಿ ಕಾಯಿ ಅವಳದ್ದು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ಲೂಡೋದಲ್ಲಿ ಇಷ್ಟು ಮೋಸ ಮಾಡಬಲ್ಲಳೆಂದು ನಾವು ಊಹಿಸಿರಲಿಲ್ಲ. ದೇವಕಿಗೆ ಅವಳ ಮೇಲೆ ಭಕ್ತಿಯೇ ಹುಟ್ಟಿದೆ. ವಾಪಸು ಬರುವ ಆ ನಾಲ್ಕು ಹೆಜ್ಜೆಯಲ್ಲಿ ಅವಳು ತನ್ನ ಮ್ಯಾನೇಜರನ್ನು ಬೈಯುತ್ತಾಳೆ, ತನ್ನ ಅಮ್ಮನ ಮಂಡಿನೋವಿನ ವಿಷಯ ಹೇಳುತ್ತಾಳೆ. ಮನೆಯೊಳಗೆ ಟ್ಯೂಬ್‌ಲೈಟಿನ ಅಡಿಯಲ್ಲಿ ಇಷ್ಟು ವರ್ಷ ಎದುರೆದುರು ಕೂತು ಉಂಡದ್ದುಂಟು. ಇವುಗಳಲ್ಲಿ ಒಂದನ್ನೂ ಅವಳು ಹೇಳಿದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಮುಖ ಕಾಣದಷ್ಟು, ಕಾಲು ಕಾಣುವಷ್ಟು ಬೆಳಕು ಮಾತಿಗೆ ಒಳ್ಳೆಯದೋ ಏನೋ. ಎಷ್ಟು ಲ್ಯೂಮೆನ್ ಎಂದು ಕೇಳಬೇಡಿ.

ಕಳೆದ ವಾರ ನಗರಸಭೆಯಿಂದ ಯಾರೋ ಏಣಿ ತಂದು ಓಣಿಯ ಕಂಬಕ್ಕೆ ಹೊಸ ಎಲ್‌ಇಡಿ ದೀಪ ಹಾಕಿ ಹೋದರು. ಅದೇ ಸಂಭ್ರಮದಲ್ಲಿ ಸ್ಲ್ಯಾಬನ್ನೂ ಸರಿಮಾಡಿದರು. ಯಾವ ಅರ್ಜಿಗೂ ಜಗ್ಗದವರು ನನಗೆ ಬೇಡವಾದ ಹೊತ್ತಿಗೆ ಸರಿಯಾಗಿ ಬಂದರು. ಆ ಸಂಜೆ ನಾವು ಹೊರಟಾಗ ಓಣಿಯಲ್ಲಿ ಬಿದ್ದ ಸೂಜಿಯನ್ನೂ ಹೆಕ್ಕಬಹುದಿತ್ತು. ದೇವಕಿ ಕಂಬವನ್ನು ನೋಡಿ ಏನೋ ಗೊಣಗಿದಳು.

"ಇನ್ನು ನಾನು ಬರ್ಬೇಕಂತಿಲ್ಲ ಅಲ್ವಾ ಮಾಮಿ?" ಅಂದಳು ಶರ್ಮಿಳಾ, ಫೋನನ್ನು ಕೈಯಲ್ಲಿ ತಿರುಗಿಸುತ್ತಾ.

ಒಬ್ಬಳೇ ಓಡಾಡುವ ಹಕ್ಕಿಗಾಗಿ ಅಷ್ಟು ಹೋರಾಡಿದವಳು ನಾನು. ತಲೆ ಎತ್ತಿ ಆ ದೀಪವನ್ನು ಚೆನ್ನಾಗಿ ಪರೀಕ್ಷಿಸಿದೆ.

"ಇದನ್ನು ನಂಬ್ಲಿಕ್ಕೆ ಆಗುದಿಲ್ಲ," ಅಂದೆ. "ಕೊಡ್ಲಿಕ್ಕಿನ ಜಾತಿಯ ಹಾಗೆ ಕಾಣ್ತದೆ. ಯಾವಾಗ ಹೋಗ್ತದೋ ಎಂತದೋ."

ಅವಳು ನನ್ನ ಮುಖ ನೋಡಿದಳು. ಕಂಬದ ಕೆಳಗೆ ಮುಖ ಸ್ವಚ್ಛವಾಗಿ ಕಾಣುತ್ತಿತ್ತು, ಅದೇ ತೊಂದರೆ. ಆದರೂ ಫೋನಿನ ಲೈಟು ಹೊತ್ತಿಸಿ, ಆ ಹಗಲಿನಂಥ ಬೆಳಕಿನಲ್ಲಿ ನನ್ನ ಚಪ್ಪಲಿಗೆ ಹಿಡಿದು, "ಜಾಗ್ರತೆ ಮಾಮಿ, ಇಲ್ಲಿ ಸ್ವಲ್ಪ ಕತ್ತಲೆ ಉಂಟು" ಅಂದಳು.