ಜಿನ್ನಿಂಗ್ ಕಾರಖಾನ್ಯಾಗಿನ ಗಾಜಿನ ಗೋಡಿ

ಆ ಕಾರಖಾನಿಗಿ ಯಾರ ಶಾಪನೂ ಇರಲಿಲ್ಲ. ತೊಲಿಗಿ ಜೋತಬಿದ್ದ ಹತ್ತಿ ಧೂಳ ಯಾರೂ ಬಳದಿರಲಿಲ್ಲ, ಅದರ ಕೆಳಗ ದೀಪ ಹಚ್ಚಿದ್ರು. ಆದದ್ದು ಇಷ್ಟೇ. ರಾಜ್ಯ ಬದಲಾದ ವರ್ಷದ ಅಪಶಕುನ ಅಂತ ಭಾಲ್ಕಿ ಮಂದಿ ಏನೇನೋ ಕತಿ ಕಟ್ಟಿದ್ರು. ಅವರ್ಯಾರೂ ಅಲ್ಲಿರಲಿಲ್ಲ, ನಾ ಇದ್ದೆ.

ಹತ್ತಿಯಿಂದ ಕಾಳ ಬ್ಯಾರೆ ಮಾಡೋ ಮಿಷನ್ ಇದ್ದ ಕಾರಖಾನಿ ಅದು, ನಿಜಾಮನ ಕಾಲದ್ದು. ಲಗ್ನಕ್ಕಿಂತ ಮೊದಲ ನಾನೂ ಅಲ್ಲಿ ಹತ್ತಿ ಆರಿಸ್ಲಿಕ್ಕಿ ಹೋಗ್ತಿದ್ದೆ. ಗೇಟಿನವ ಗಂಡಸರ ಕಿಸೆ ತಡವಿ ಕಡ್ಡಿಪೆಟ್ಟಿಗಿ ಕಸಗೊಂಡೇ ಒಳಗ ಬಿಡ್ತಿದ್ದ. ಬೀಡಿ ಸೇದಿದವನಿಗಿ ಅವತ್ತೇ ಕೆಲಸ ಖಲಾಸ್. ಸಾಲಿ ನಾ ಹೆಚ್ಚ ಕಲ್ತಾಕಿ ಅಲ್ಲ, ಆ ಅಂಜಿಕಿ ಮಾತ್ರ ಪಕ್ಕಾ ಕಲ್ತಿದ್ದೆ.

ಬೀದರ ಮೈಸೂರ ರಾಜ್ಯಕ್ಕ ಸೇರೋ ಹೊತ್ತಿಗಿ ಕಾರಖಾನಿ ಬಂದ್ ಆಗಿ, ಮಿಷನ್ ಬಿಚ್ಚಿ ಮಾರಿದ್ರು. ಇನ್ನ ಮೈಸೂರ ಕಡಿಯಿಂದ ಗುಮಾಸ್ತರು ಬರ್ತಾರ, ಅವರಿಗಿ ಬಾಡಿಗಿ ಮನಿ ಬೇಕಾಗ್ತಾವ ಅಂತ ಕಾರಖಾನಿ ಸಾವ್ಕಾರ್ರು ಆ ದೊಡ್ಡ ಹಾಲನ್ನ ಮನಿ ಮಾಡ್ಲಿಕ್ಕಿ ಹಚ್ಚಿದ್ರು. ಇಟ್ಟಂಗಿ ಗೋಡಿ ಕಟ್ಟಿದ್ರ ಒಳಗ ಕತ್ತಲ, ಯಾಕಂದ್ರ ಬೆಳಕ ಬರೋದು ತಗಡಿನ ಮಾಳಗಿಯ ಒಂದ ಮಗ್ಗಲದಿಂದಷ್ಟೇ. ಅದಕ್ಕ ಕಬ್ಬಿಣದ ಚೌಕಟ್ಟಿನಾಗ ಗಾಜ ಕೂಡಿಸಿ ಅಡ್ಡಗೋಡಿ ಮಾಡಸಿದ್ರು. ಮಾಡಿದವರು ನಮ್ಮ ಮನಿಯವರು, ಅದೇ ಕಾರಖಾನಿ ಮಿಸ್ತ್ರಿ. ಗೋಡಿ ಆಳೆತ್ತರಕ್ಕಿಂತ ತುಸು ಹೆಚ್ಚ, ಅದರ ಮ್ಯಾಲ ಬರೇ ಬಯಲು. ಕಬ್ಬಿಣದ ತೊಲಿ ಮಾತ್ರ ಈ ತುದಿಯಿಂದ ಆ ತುದಿತನಕ ಎಲ್ಲಾ ಕೋಣಿ ಮ್ಯಾಲ ಹಾದಿತ್ತು.

ಕೆಲಸ ಮುಗಿಯೋತನಕ ಕಾವಲಿಗಿ ಇರ್ರಿ ಅಂತ ಮೊದಲಿನ ಕೋಣಿ ನಮಗ ಕೊಟ್ರು; ಇಬ್ಬರು ನಾವು, ಒಬ್ಬಾಕಿ ಸಣ್ಣ ಮಗಳು. ಒಳಗ ಕಾಲಿಟ್ಟಾಕಿ ನಾ ಮೊದಲ ಮ್ಯಾಲ ನೋಡಿದೆ. ತೊಲಿಗಿ ಹತ್ತಿ ಮುದುಕನ ಗಡ್ಡದಂಗ ಜೋತಿತ್ತು. ಅದನ್ನ ಬಳದ ತಗಸ್ರಿ ಅಂದ್ರ, ಬಣ್ಣದ ಕೆಲಸ ಮುಗೀಲಿ, ಆಮ್ಯಾಲ ಅಂದ್ರು ನಮ್ಮ ಮನಿಯವರು. ಒಲಿ ನಾ ಅಂಗಳದಾಗೇ ಹೂಡಿದೆ. ಆದ್ರೂ ಎದಿ ತಣ್ಣಗ ಆಗಲಿಲ್ಲ. ಯಾರರ ಅಂಗಳದಾಗ ಕಡ್ಡಿ ಗೀರಿದ್ರ ಆ ಬೆಳಕು ಎಲ್ಲಾ ಗಾಜಿನಾಗೂ ಹೊಳಿತಿತ್ತು, ನಾ ಎದ್ದು ಹೊರಗ ಹೋಗಿ ನೋಡ್ತಿದ್ದೆ.

ಔರಾದ ತಾಲೂಕಿನ ಎಕಂಬಾದಿಂದ ಅತ್ತಿ ಬಂದ್ರು. ಹೊಸಾ ಮನಿ, ಮೊದಲ ದೀಪ ಒಳಗೇ ಆಗಬೇಕು ಅಂದ್ರು. ಸಂಜಿಗಿ ಡಬ್ಬಿ ಮ್ಯಾಲ ನಿಂತು ಕೋಲಿಲೆ ತೊಲಿ ಮ್ಯಾಲಿನ ಹತ್ತಿ ಒಂದ ಹಿಡಿ ಜಗ್ಗಿ, ತೊಡಿ ಮ್ಯಾಲ ಬತ್ತಿ ಹೊಸದ್ರು. ಪುಗಸಟ್ಟಿ ಹತ್ತಿ, ಬಿಡ್ತಾರ ಯಾರು?

"ಅತ್ತಿ, ಇಲ್ಲಿ ದೀಪ ಬ್ಯಾಡ್ರಿ. ಕೈ ಮುಗಿತೇನಿ," ಅಂದೆ.

"ಮಿಷನ್ನೇ ಹೋದವು, ಇನ್ನ ಯಾರ ಹುಕುಂ ಇದು? ನಿಮ್ಮ ಗೇಟಿನವ ಈಗ ನನ್ನ ಉಡಿ ತಡವ್ಲಿಕ್ಕಿ ಬರ್ತಾನೇನು?"

ಅವರು ಅರ್ಧಾ ಜಗ್ಗಿ ಬಿಟ್ಟಿದ್ದ ಹತ್ತಿ ಎಳಿ ಉದ್ದಕ ಇಳಿಬಿದ್ದಿತ್ತು. ಸರೀಗಿ ಅದರ ಕೆಳಗೇ ದೀಪ ಇಟ್ರು. ನನ್ನ ಕಣ್ಣ ಮುಂದೇ ಎಳಿಗಿ ಉರಿ ತಾಗ್ತು. ಬೆಂಕಿ ಇಲಿ ಓಡಿದಂಗ ಮ್ಯಾಲ ಏರಿ, ತೊಲಿ ಹಿಡಿದು ಗಾಜಿನ ಗೋಡಿ ದಾಟಿ ಬಾಜೂ ಕೋಣಿಗಿ ಹೋತು.

ಬಾಜೂ ಕೋಣ್ಯಾಗ ನನ್ನ ಸಣ್ಣ ಮಗಳು ಆಡ್ತಿದ್ಲು.

ಓಡಿ ಹೋಗಿ ಅದರ ಬಾಗಿಲ ದೂಡಿದೆ. ಮಧ್ಯಾಹ್ನ ಬಣ್ಣ ಹಚ್ಚಿದ್ದ ಕಬ್ಬಿಣದ ಬಾಗಿಲ, ಮಗಳು ಎಳಕೊಂಡು ಮುಚ್ಚಿದ್ಲು. ಹಸೀ ಬಣ್ಣ ಚೌಕಟ್ಟಿಗಿ ಅಂಟಿ ಕುಂತಿತ್ತು. ನಮ್ಮ ಮನಿಯವರು ಬಾಗಿಲದ ಕೀಲು ತರ್ಲಿಕ್ಕಿ ಬೀದರಕ್ಕ ಹೋಗಿದ್ರು. ಗಾಜಿನ ಆಚಿ ಕಡಿ ಉರಿಯೋ ಹತ್ತಿ ಚೂರು ಚೂರಾಗಿ ಉದರ್ತಿತ್ತು. ಮಗಳು ನಗಕೋತ ಅದನ್ನ ಹಿಡಿಲಿಕ್ಕಿ ಕೈ ಚಾಚಿದ್ಲು. ಎಲ್ಲಾ ಕಾಣಸ್ತಿತ್ತು. ಅಂಗೈಲೆ ಗಾಜ ಬಡದೆ, ಆಕಿ ಮ್ಯಾಲೇ ನೋಡ್ತಿದ್ಲು. ಇಟ್ಟಂಗಿ ಗೋಡಿ ಇದ್ದಿದ್ರ ಕಾಣಸ್ತಿರಲಿಲ್ಲಲ್ಲ ಅಂತ ಒಂದ ಕ್ಷಣ ಅನಸ್ತು.

ನಮ್ಮ ಕೋಣ್ಯಾಗಿನ ಖಾರ ಅರಿಯೋ ಗುಂಡ ತಗೊಂಡು, ಆಕಿ ನಿಂತ ಕಡಿಯಿಂದ ದೂರದ ಮೂಲಿಯ ತಳದ ಗಾಜ ಒಡದೆ. ಸಪ್ಪಳಕ್ಕ ಅಂಜಿ ಅಳಕೋತ ನನ್ನ ಕಡಿಗೇ ಓಡಿ ಬಂದ್ಲು. ರಟ್ಟಿ ಹಿಡಿದು ಎಳಕೊಂಡೆ. ಆಕಿ ತೋಳೂ ಕೊಯ್ತು, ನನ್ನ ಕೈನೂ ಕೊಯ್ತು. ಕೂದಲ ಸುಟ್ಟ ವಾಸನಿ ಬರ್ತಿತ್ತು.

ಅಷ್ಟರಾಗ ಬೆಂಕಿನೇ ಇಲ್ಲ. ಕಬ್ಬಿಣದ ತೊಲಿ, ತಗಡಿನ ಮಾಳಗಿ, ಹತ್ತಿ ತೀರಿದ ಕಡಿ ಉರಿನೂ ತೀರಿತ್ತು. ನಡುವ ತೊಲಿ ಒಂದ ಮಾರು ಬೋಳ ಇತ್ತು, ಅದರ ಆಚಿನ ಕೋಣಿಗಳ ಮ್ಯಾಲ ಹತ್ತಿ ಹಂಗೇ ಜೋತಿತ್ತು. ಅತ್ತಿ ದೀಪ ಇನ್ನೂ ಉರಿತಿತ್ತು. ಅವರೇ ಬಂದು ಬೆರಳಿಲೆ ಹಿಸಕಿ ಆರಸಿದ್ರು.

ನಮ್ಮ ಮನಿಯವರು ಬಂದು ನೋಡಿ, ನಾಳಿ ಬ್ಯಾರೆ ಗಾಜ ಹಾಕ್ತೇನಿ ಅಂದ್ರು.

"ನನ್ನ ಮಗಳು ಹೊರಗ ಬಂದ ಬಾಗಿಲ ಅದು. ಮುಚ್ಚಬ್ಯಾಡ್ರಿ," ಅಂದೆ.

ಮರುದಿನ ಮುಂಜಾನಿ ಬೆಳಕ ಹರಿಯೋದ್ರಾಗ ಮಗಳನ್ನ ಅಂಗಳದಾಗ ಕೂಡಿಸಿದೆ. ಉದ್ದನ ಬಿದಿರಿಗಿ ಕಸಬರಿಗಿ ಕಟ್ಟಿ, ನೀರಾಗ ಅದ್ದಿ, ಎಲ್ಲಾ ಕೋಣಿ ತೊಲಿ ಬಳದೆ. ಕೆಳಗ ಬಿದ್ದ ಹತ್ತಿ ಅತ್ತಿ ಹಿಡಿ ಹಿಡಿ ತುಂಬಿ ನೀರಿನ ಬಕೀಟಿನಾಗ ಮುಳಗಸಕೋತ ನನ್ನ ಹಿಂದ ಬಂದ್ರು.