ಫುಟ್‌ಪಾತಿನ ಗೃಹಿಣಿ
ಜಯನಗರದಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಸೀತಮ್ಮನವರ ಗೇಟಿನ ಪಕ್ಕದ ಫುಟ್‌ಪಾತಿನ ಮೇಲೆ, ಹೊಂಗೆಮರದ ಬುಡದಲ್ಲಿ, ರುದ್ರಮ್ಮ ಸಂಸಾರ ಹೂಡಿದ್ದಳು. ಬೆಳಗಾದರೆ ಕಲ್ಲುಹಾಸು ಗುಡಿಸಿ, ನೀರು ಚಿಮುಕಿಸಿ, ಇಲ್ಲದ ಹೊಸ್ತಿಲಿನ ಮುಂದೆ ರಂಗೋಲಿ ಎಳೆಯುವಳು. ಚಪ್ಪಲಿಯನ್ನು ಅದರಾಚೆ ಬಿಟ್ಟೇ ಒಳಗೆ ಕಾಲಿಡುವಳು. ವಾಕಿಂಗ್ ಹೊರಟ ದೊಡ್ಡಮನುಷ್ಯರನ್ನೂ ಬಿಡುತ್ತಿರಲಿಲ್ಲ. "ಏನ್ ಸಾರ್, ಅಡುಗೆಮನೇಲಿ ಶೂ ಹಾಕ್ಕೊಂಡು ಓಡಾಡ್ತೀರಾ? ನಿಮ್ಮನೇಲಿ ಆಂಟಿ ಸುಮ್ನಿರ್ತಾರಾ?" ಕೊರಿಯರಿನವನು ಸೀತಮ್ಮನವರ ವಿಳಾಸ ಕೇಳಿದರೆ, "ನಮ್ಮನೆ ಪಕ್ಕದ್ದೇ" ಎನ್ನುವಳು. ಸೀತಮ್ಮ ಕೊಟ್ಟ ಉಪ್ಪಿಟ್ಟನ್ನು ಒಳಗೊಯ್ದು, ಬಾಗಿಲು ಮುಚ್ಚಿದಂತೆ ಕೈಯಾಡಿಸಿ, ಗೋಡೆಗೆ ಒರಗಿದಂತೆ ಗಾಳಿಗೆ ಒರಗಿ ತಿನ್ನುವಳು. ಆ ಗಾಳಿ ಅವಳನ್ನು ಬೀಳಗೊಡುತ್ತಿರಲಿಲ್ಲ. ಒಂದು ದಿನ ಅದನ್ನು ಗಮನಿಸಿದ ಸೀತಮ್ಮ, ಮರುಕವೋ ಭಯವೋ ತಿಳಿಯದೆ, ಪಾಪ ಒಂದು ಸೂರಾದರೂ ಸಿಗಲಿ ಎಂದುಕೊಂಡು, ನಿರಾಶ್ರಿತರ ಆಶ್ರಮವೊಂದಕ್ಕೆ ಫೋನು ಮಾಡಿದರು. ವ್ಯಾನು ಬಂದ ಸಂಜೆ ರುದ್ರಮ್ಮ ಜಗಳವಾಡಲಿಲ್ಲ. ಮರದ ಬುಡದ ಬರಿಯ ಮೂಲೆಯತ್ತ ನೋಡಿ ತುಟಿಗೆ ಬೆರಳಿಟ್ಟಳು. "ಮೆಲ್ಲಗೆ ಮಾತಾಡ್ರಣ್ಣ, ಮಗು ಈಗಷ್ಟೇ ಮಲಗ್ತು." ಯಾರೋ ನಕ್ಕರು. ಅವಳು ಸೀತಮ್ಮನ ಕೈ ಹಿಡಿದು, "ಎದ್ದು ಅತ್ರೆ ಎತ್ಕೊಳ್ಳಿ ಅಕ್ಕ. ನನ್ ಬಿಟ್ರೆ ಅದಕ್ಯಾರೂ ಇಲ್ಲ" ಎಂದು ವ್ಯಾನು ಹತ್ತಿದಳು. ವ್ಯಾನು ಹೋದ ಮೇಲೆ ಗೇಟು ಮುಚ್ಚಲು ತಿರುಗಿದ ಸೀತಮ್ಮ, ಏನೋ ಕೇಳಿಸಿದಂತಾಗಿ ನಿಂತರು. ಆಮೇಲೆ ಆ ಮೂಲೆಯ ಪಕ್ಕ ನೆಲದ ಮೇಲೆ ಕುಳಿತು, ಮಗುವನ್ನು ಮಲಗಿಸುವವರಂತೆ ಕಲ್ಲನ್ನು ಮೆಲ್ಲಗೆ ತಟ್ಟತೊಡಗಿದರು. ದಿನವೂ ನಿಂತು ಕ್ಷೇಮ ವಿಚಾರಿಸುವ ನೆರೆಮನೆಯ ಚಕ್ರಪಾಣಿ ಆ ದಾರಿಯಲ್ಲೇ ಬಂದವರು, ಅವರ ಮುಖ ನೋಡದೆ ರಸ್ತೆಗಿಳಿದು, ಹೆಜ್ಜೆ ಚುರುಕು ಮಾಡಿ ದಾಟಿಹೋದರು.