ದಿನಾ ಬೆಳಗ್ಗೆ ಒಂದು ಚೊಂಬು ನೀರು

ಈ ಬೇಸಿಗೆಯಲ್ಲಿ ಬೀಸಿದ ಒಂದು ಗಾಳಿಗೆ ನಮ್ಮ ಶೆಡ್ಡಿನ ಎರಡು ಶೀಟು ಹಾರಿ ಪಕ್ಕದವರ ಹುಲ್ಲಿನ ಬಣವೆಯ ಮೇಲೆ ಬಿದ್ದವು. ಶೀಟು ಹೋದದ್ದು ದೊಡ್ಡದಲ್ಲ. ಅದರ ಕೆಳಗೆ ಹನ್ನೊಂದು ವರ್ಷದಿಂದ ಅಲುಗಾಡದೆ ನಿಂತಿದ್ದ ನನ್ನ ಕಾರು ಊರಿಗೆಲ್ಲ ಕಾಣುವಂತಾಯಿತಲ್ಲ, ಅದು ನನಗೆ ಬೇಜಾರಾಯಿತು. ಮಳೆ ಶುರುವಾಗುವ ಮುಂಚೆ ಏನಾದರೊಂದು ತೀರ್ಮಾನ ಮಾಡಲೇಬೇಕಿತ್ತು. ರಿಪೇರಿ ಮಾಡಿಸಬೇಕು, ಇಲ್ಲವೇ ಗುಜರಿಯವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಕು.

ಅದು ಗುಂಡು ಬಾನೆಟ್ಟಿನ, ಸ್ಟೀರಿಂಗಿನ ಪಕ್ಕದಲ್ಲೇ ಗೇರು ಇರುತ್ತಿದ್ದ ಕಾಲದ ಕಾರು. ನಾನು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಆಗ ನಾನು ನಮ್ಮೂರು ಕ್ಯಾಲನೂರಿನಿಂದ ಸ್ವಲ್ಪ ದೂರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಬಸ್ಸಿಗೆ ಕಾದು ಕಾದು ಸಾಕಾಗಿ, ನನ್ನ ಜೊತೆಯ ಮೇಷ್ಟರುಗಳೆಲ್ಲ ಬೈಕಿನಲ್ಲಿ ನನ್ನ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಿ ಹೊಟ್ಟೆ ಉರಿದು, ಹಟಕ್ಕೆ ಬಿದ್ದು ಕೊಂಡ ಗಾಡಿ ಅದು. ಸೀರೆ ಉಟ್ಟ ಹೆಂಗಸು ಕಾರು ಓಡಿಸುತ್ತಾಳೆ ಎಂದು ಡೈರಿಗೆ ಹಾಲು ತಂದವರು ಕ್ಯಾನು ಕೆಳಗಿಟ್ಟು ನೋಡುತ್ತಿದ್ದರು. ನೋಡಲಿ ಎಂದೇ ನಾನೂ ಅಲ್ಲಿ ಸ್ವಲ್ಪ ನಿಧಾನ ಮಾಡುತ್ತಿದ್ದೆ.

ದಿನಾ ಬೆಳಗ್ಗೆ ಎದ್ದ ಕೂಡಲೇ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ತುಂಬುವುದು ನನ್ನ ಮೊದಲ ಕೆಲಸ. ಒಂದು ಹಿತ್ತಾಳೆ ಚೊಂಬನ್ನು ಅದಕ್ಕೆಂದೇ ಇಟ್ಟಿದ್ದೆ. ನಮ್ಮ ಮನೆಯ ತುಳಸಿಗೆ ಒಂದೊಂದು ದಿನ ನೀರು ತಪ್ಪಿದ್ದುಂಟು, ಕಾರಿಗೆ ತಪ್ಪಿದ್ದಿಲ್ಲ.

ನಾನು ಮದುವೆಯಾಗಲಿಲ್ಲ. ಅಪ್ಪ ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವಳು ನಾನೇ. ನೀರು ಬತ್ತಿದ ಕೆರೆಯಂಗಳದಲ್ಲಿ ಪಕ್ಕದಲ್ಲಿ ಕೂತು, ಬೈದು, ಕೈಮೇಲೆ ಹೊಡೆದು ಅವನಿಗೆ ಕಾರು ಓಡಿಸುವುದನ್ನು ಕಲಿಸಿದೆ. ಒಂದು ತಿಂಗಳಲ್ಲಿ ನನಗಿಂತ ಚೆನ್ನಾಗಿ ಓಡಿಸಿದ. ಅದನ್ನು ಅವನ ಮುಂದೆ ಯಾವತ್ತೂ ಹೇಳಲಿಲ್ಲ.

ಅವನಿಗೆ ಗೌನಿಪಲ್ಲಿಯ ಹುಡುಗಿಯನ್ನು ತಂದೆವು. ಮದುವೆಯಾದ ವರ್ಷ ಆಷಾಢಕ್ಕೆ ತವರಿಗೆ ಹೋದ ಹೆಂಡತಿಯನ್ನು ಕರೆತರಲು ಅವನು ನನ್ನ ಕಾರು ಕೇಳಿದ. ಕೊಟ್ಟೆ. ಮಾವಿನ ತೋಟದವರು, ಬರಿಗೈಯಲ್ಲಿ ಕಳಿಸುತ್ತಾರೆಯೇ? ಕೊನೆಗಾಲದ ನೀಲಂ ಹಣ್ಣಿನ ಬುಟ್ಟಿಗಳನ್ನು ಡಿಕ್ಕಿ ತುಂಬ ಇಟ್ಟಿದ್ದರು. ಶ್ರೀನಿವಾಸಪುರ ದಾಟಿ ಕೋಲಾರದ ಕಡೆ ಬರುವಾಗ ಇಂಜಿನ್ನು ಕಾದು, ಹಬೆ ಎದ್ದು, ಒಂದು ಸದ್ದು ಮಾಡಿ ನಿಂತುಬಿಟ್ಟಿತಂತೆ. ಸಂಜೆ ಹೊತ್ತಿಗೆ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು.

ನನ್ನದು ಮೊದಲಿನಿಂದಲೂ ಜೋರು ಬಾಯಿ. ಆವತ್ತು ಅದಕ್ಕೆ ತಡೆಯೇ ಇರಲಿಲ್ಲ. ಟ್ರ್ಯಾಕ್ಟರಿನವನು, ಅಕ್ಕಪಕ್ಕದವರು, ಆ ಹೊಸ ಸೊಸೆ ಎಲ್ಲರೂ ನಿಂತಿದ್ದರು.

“ಮಾವನ ಮನೆ ಹಣ್ಣಿನ ಆಸೆಗೆ ನನ್ನ ಗಾಡಿ ಹಾಳ್ ಮಾಡ್ಬಿಟ್ಯಲ್ಲೋ! ಹೊರಡೋ ಮುಂಚೆ ಒಂದ್ ಚೊಂಬು ನೀರು ನೋಡ್ಬೇಕು ಅನ್ನೋ ಜ್ಞಾನ ಇಲ್ವಾ ನಿಂಗೆ?”

“ನೀರು ನೋಡಿದ್ದೆ ಕಣಕ್ಕ,” ಎಂದ ಅವನು.

“ಸುಳ್ಳು ಬೇರೆ ಹೇಳ್ತೀಯ!”

ನಾನು ಹಣ್ಣಿನ ಬುಟ್ಟಿಗಳನ್ನು ಮನೆಯೊಳಗೆ ತರಲು ಬಿಡಲಿಲ್ಲ, ಬೀದಿಯವರಿಗೆ ಹಂಚಿಸಿದೆ. ಕಾರನ್ನು ಶೆಡ್ಡಿಗೆ ತಳ್ಳಿಸಿ, ಯಾರೂ ಬಾನೆಟ್ ಎತ್ತಕೂಡದು ಎಂದೆ. ಆರು ತಿಂಗಳಲ್ಲಿ ಅವನು ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಹೆಂಡತಿಯೊಂದಿಗೆ ಅಲ್ಲಿಗೆ ಹೋದ. ಹಬ್ಬಕ್ಕೆ ಬರುತ್ತಿದ್ದ, ಬಸ್ಸಿನಲ್ಲಿ. ಅವನು ಆಮೇಲೆ ಯಾವ ಕಾರಿನ ಸ್ಟೀರಿಂಗನ್ನೂ ಮುಟ್ಟಲಿಲ್ಲ ಎಂದು ತಿಳಿದಾಗ, ತಪ್ಪು ಮಾಡಿದವನಿಗೆ ಅಷ್ಟಾದರೂ ಇರಲಿ ಎಂದುಕೊಂಡೆ. ಗೌನಿಪಲ್ಲಿಯಿಂದ ನಮ್ಮ ಮನೆಗೆ ಮತ್ತೆ ಒಂದು ಹಣ್ಣೂ ಬರಲಿಲ್ಲ.

ಶೀಟು ಹಾರಿದ ವಾರದಲ್ಲಿ ಕೋಲಾರದಿಂದ ಹಳೆಯ ಮೆಕ್ಯಾನಿಕ್ ಸಾಹೇಬರನ್ನು ಕರೆಸಿದೆ. ಕಾರು ಕೊಳ್ಳುವಾಗ ಪರೀಕ್ಷೆ ಮಾಡಿ ಕೊಟ್ಟವರು ಅವರೇ. ಈಗ ಗಡ್ಡ ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ಏರಿದೆ. ಬೆಳಗ್ಗೆ ಬಂದವರು ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ಮೇಲಿನ ಭಾಗವನ್ನು ಬಿಚ್ಚಿದರು. ಆಮೇಲೆ ಬಗ್ಗಿ ನೋಡಿದರು. ಸ್ಕ್ರೂಡ್ರೈವರಿನಿಂದ ಒಳಗೆ ಏನನ್ನೋ ಕೆರೆದು, ಬೆಳ್ಳಗಿನ ಒಂದು ಚಕ್ಕೆಯನ್ನು ನನ್ನ ಅಂಗೈಗೆ ಹಾಕಿದರು.

“ಅಮ್ಮ, ನಿಮ್ಮ ಮನೆ ನೀರು ಕಾಯ್ಸೋ ಹಂಡೆ ಒಳಗೆ ಕೈಯಾಡ್ಸಿದೀರಲ್ಲ? ಅದೇ ಇದು. ಬೋರ್‌ವೆಲ್ ನೀರು ಹಾಕಿ ಹಾಕಿ ಕಟ್ಕೊಂಡಿದೆ. ಮೇಲಿಂದ ನೋಡಿದ್ರೆ ನೀರು ಫುಲ್ ಇರತ್ತೆ, ಒಳಗೆ ಓಡಾಡೋಕೆ ದಾರೀನೇ ಇಲ್ಲ. ಇಂಜಿನ್ ಕಾದುಹೋಗ್ದೆ ಇನ್ನೇನ್ ಮಾಡತ್ತೆ?”

“ಓಡಿಸ್ದೋರು ನೀರು ನೋಡಿದ್ರೆ?”

“ನೋಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಆವತ್ತಲ್ಲದಿದ್ರೆ ಇನ್ನೊಂದು ವಾರಕ್ಕೆ ನಿಮ್ಮ ಕೈಯಲ್ಲೇ ನಿಲ್ತಿತ್ತು.”

ನನಗೆ ನೆನಪಾಯಿತು. ಗಾಡಿ ಕೊಂಡ ದಿನ ಇದೇ ಸಾಹೇಬರು, ಮಳೆ ನೀರು ಹಾಕಿ, ಇಲ್ಲವಾದರೆ ಕೆರೆ ನೀರು ಹಾಕಿ, ಬೋರಿನ ನೀರು ಮಾತ್ರ ಬೇಡ ಎಂದಿದ್ದರು. ಒಂದೆರಡು ವರ್ಷ ಕೆರೆಯಿಂದ ಕೊಡದಲ್ಲಿ ತಂದೇ ಹಾಕಿದ್ದೆ. ಕೆರೆ ಬತ್ತಿತು. ಚೊಂಬನ್ನು ಬೋರಿನ ನೀರು ಬರುವ ಹಿತ್ತಲ ನಲ್ಲಿಗೆ ಹಿಡಿಯಲು ಶುರುಮಾಡಿದೆ, ಅವರ ಮಾತು ಮರೆತೇಹೋಯಿತು. ಆ ನಲ್ಲಿಯ ಬಾಯಲ್ಲೇ ಬೆಳ್ಳಗೆ ಕಟ್ಟಿಕೊಂಡಿರುವುದನ್ನು ದಿನಾ ನೋಡುತ್ತಿದ್ದವಳಿಗೆ ಇಂಜಿನ್ನಿನ ಯೋಚನೆ ಬರಲಿಲ್ಲ. ವರ್ಷಗಟ್ಟಲೆ ದಿನಾ ಬೆಳಗ್ಗೆ ಪ್ರೀತಿಯಿಂದ ನನ್ನ ಕಾರನ್ನು ಕೊಂದವಳು ನಾನೇ.

ನನ್ನ ಮುಖ ನೋಡಿ ಸಾಹೇಬರಿಗೆ ಏನನ್ನಿಸಿತೋ. “ನೀರಿನ ತಪ್ಪಮ್ಮ, ಯಾರದೂ ಅಲ್ಲ,” ಎಂದರು. ಆಮೇಲೆ ದಾರಿ ಹೇಳಿದರು. ಬೇರೆ ಗಾಡಿಯ ಡೀಸೆಲ್ ಇಂಜಿನ್ ಕೂರಿಸಿದರೆ ಎರಡು ವಾರದಲ್ಲಿ ಓಡುತ್ತದೆ, ಆದರೆ ಸದ್ದು ಇದರದ್ದಾಗಿರುವುದಿಲ್ಲ. ಇದನ್ನೇ ತೊಳೆದು, ಸಾಮಾನು ಹುಡುಕಿ ತಂದು ಕಟ್ಟಬಹುದು, ಆರು ತಿಂಗಳಾದರೂ ಬೇಕು, ಗ್ಯಾರಂಟಿ ಹೇಳುವುದಿಲ್ಲ. ಇಲ್ಲವೇ ಗುಜರಿ.

ನಿಜ ಹೇಳಿಬಿಡುತ್ತೇನೆ: ಮೊದಲು ನನಗೆ ಬಂದ ಯೋಚನೆ ಗುಜರಿಯದ್ದೇ. ಕಾರು ಹೋದರೆ ಅದರ ಹೊಟ್ಟೆಯಲ್ಲಿದ್ದದ್ದೂ ಹೋಗುತ್ತದೆ, ತಮ್ಮನಿಗೆ ತಿಳಿಯುವುದೇ ಇಲ್ಲ. ಇಂಜಿನ್ ತೊಳೆಸಿದರೂ ಆ ಗುರುತು ಉಳಿಯುವುದಿಲ್ಲ. ಅಷ್ಟು ಕೀಳಾಗಿ ಯೋಚಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಎರಡು ದಿನ ಊಟ ಸೇರಲಿಲ್ಲ. ಭಾನುವಾರ ಇಂಜಿನ್ನಿನಿಂದ ಕೆರೆದ ಚಕ್ಕೆಗಳನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಕಾರಿನ ಕೀಯನ್ನೂ ತೆಗೆದುಕೊಂಡು ಮಾಲೂರಿಗೆ ಹೊರಟೆ.

ನನ್ನ ತಮ್ಮ ಜಗುಲಿಯ ಮೇಲೆ ಪೇಪರ್ ಓದುತ್ತಿದ್ದ. ಹೇಳದೆ ಬಂದದ್ದಕ್ಕೆ ಗಾಬರಿಯಾಗಿ ಎದ್ದ. ಪೇಪರಿನ ಮೇಲೆ ಡಬ್ಬಿ ಬಗ್ಗಿಸಿದೆ.

“ಏನಕ್ಕ ಇದು, ಸುಣ್ಣನಾ?”

ತರಗತಿಯಲ್ಲಿ ಲೆಕ್ಕ ಬಿಡಿಸುವವಳ ಹಾಗೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಸಾಹೇಬರು ಬಿಚ್ಚಿದ್ದು, ಬೋರಿನ ನೀರು, ನನ್ನ ಚೊಂಬು. ಅವನು ಒಂದು ಚಕ್ಕೆ ತೆಗೆದುಕೊಂಡು ಬೆರಳಲ್ಲಿ ಪುಡಿ ಮಾಡುತ್ತ ಕೇಳಿದ:

“ಹಂಗಾದ್ರೆ ಮುಚ್ಚಳ ಅಲ್ವಾ?”

“ಯಾವ ಮುಚ್ಚಳ?”

“ರೇಡಿಯೇಟರ್ ಮುಚ್ಚಳ. ನೀರು ನೋಡಿದ್ದು ಜ್ಞಾಪಕ ಇತ್ತಕ್ಕ. ಮುಚ್ಚಳ ಗಟ್ಟಿಯಾಗಿ ತಿರುಗಿಸಿದ್ನಾ ಇಲ್ವಾ ಅನ್ನೋದೇ ಜ್ಞಾಪಕ ಬರ್ತಿರ್ಲಿಲ್ಲ. ನೀನು ಅಷ್ಟು ಬೈದೆ ಅಂದ್ರೆ ನಂದೇ ಏನೋ ತಪ್ಪಿರ್ಬೇಕು ಅಂದ್ಕೊಂಡಿದ್ದೆ.”

ಹನ್ನೊಂದು ವರ್ಷ ಅವನು ಆ ಮುಚ್ಚಳವನ್ನು ಮನಸ್ಸಿನಲ್ಲೇ ತಿರುಗಿಸುತ್ತಿದ್ದ. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. “ನಂದು ತಪ್ಪಾಯ್ತು ಕಣೋ,” ಎಂದೆ. ಅವನಿಗೆ ಆ ಮಾತು ನಾನು ಹೇಳಿದ್ದು ಅದೇ ಮೊದಲು.

ಅವನು ಪರವಾಗಿಲ್ಲ ಬಿಡಕ್ಕ ಎನ್ನುತ್ತಾನೆ ಎಂದು ನನ್ನ ನಿರೀಕ್ಷೆ. ಅನ್ನಲಿಲ್ಲ. “ಆವತ್ತು ಬೈದಿದ್ದು ಅವಳ ಮುಂದೆ. ಅವಳಿಗೂ ಹೇಳು,” ಎಂದ.

ಅಡುಗೆಮನೆಗೆ ಹೋದೆ. ಅವನ ಹೆಂಡತಿ ಮುದ್ದೆ ಕಟ್ಟುತ್ತಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಗೌನಿಪಲ್ಲಿಯ ಕಡೆಯವಳಾದ್ದರಿಂದ ಅವಳು ಗಂಡನ ಅಕ್ಕನಾದ ನನ್ನನ್ನು ತೆಲುಗಿನಲ್ಲಿ ವದಿನಾ ಎಂದೇ ಕರೆಯುವುದು.

“ನಂಗೆ ಗೊತ್ತಿತ್ತು ವದಿನಾ,” ಎಂದಳು, ಮುದ್ದೆಯಿಂದ ಕೈ ತೆಗೆಯದೆ. “ನಮ್ಮ ಮನೆ ಬಾಗಿಲಲ್ಲಿ ಇವರು ನೀರು ನೋಡಿದ್ದು, ಮುಚ್ಚಳ ತಿರುಗಿಸಿದ್ದು ಎಲ್ಲಾ ನಾನು ನೋಡಿದ್ದೆ. ಇವರಿಗೂ ಎಷ್ಟೋ ಸಲ ಹೇಳಿದೀನಿ. ನೀನು ನನ್ನ ಹೆಂಡ್ತಿ, ಹಂಗೇ ಹೇಳ್ತೀಯ ಅನ್ನೋರು.”

“ನಂಗ್ಯಾಕೆ ಹೇಳ್ಲಿಲ್ಲಮ್ಮ ನೀನು?”

“ಹೊಸಬಳು. ನಿಮ್ಮೆದುರು ಬಾಯಿ ಬಿಡೋದು ಹೆಂಗೆ? ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಬರೆಯುವ ಮುಂಚೆ ಪ್ರಶ್ನೆ ಸರಿಯಾಗಿ ಓದಿ ಎಂದು ಹೇಳಿದವಳು ನಾನು.

ಊಟಕ್ಕೆ ಕೂತಾಗ ಕೀಯನ್ನು ತಮ್ಮನ ತಟ್ಟೆಯ ಪಕ್ಕ ಇಟ್ಟೆ. “ಏನ್ ಮಾಡೋಣ ಹೇಳು. ನೀನು ಬೇಡ ಅಂದ್ರೆ ನಾಳೇನೇ ಗುಜರಿಯವರನ್ನ ಕರೀತೀನಿ.”

ಅವನು ಕೀ ಮುಟ್ಟಲಿಲ್ಲ. ಮುದ್ದೆ ಮುಗಿಸಿದ, ಅನ್ನ ಹಾಕಿಸಿಕೊಂಡ. ಸಾಹೇಬರು ಏನೇನು ಹೇಳಿದರು ಎಂದು ಒಂದೊಂದಾಗಿ ಕೇಳಿದ. ಕೈ ತೊಳೆದು ಬಂದು ಹೇಳಿದ:

“ಬೇರೆ ಇಂಜಿನ್ ಬೇಡಕ್ಕ. ಇದನ್ನೇ ಸರಿ ಮಾಡ್ಸು. ಎಷ್ಟ್ ದಿನ ಆದ್ರೂ ಆಗ್ಲಿ. ನಂಗೆ ಓಡ್ಸೋಕೆ ಕೈ ಬರತ್ತೋ ಇಲ್ವೋ ಗೊತ್ತಿಲ್ಲ, ಬಂದು ಕೂತ್ಕೋತೀನಿ.” ಕೈ ಒರೆಸಿಕೊಳ್ಳುತ್ತ, “ನೀರು ಮಾತ್ರ ನೀನು ಮುಟ್ಬೇಡ,” ಎಂದ.

ಮೊದಲು ನಕ್ಕವಳು ಅವನ ಹೆಂಡತಿ. ಅವಳು ಬಾಯಿ ತುಂಬ ನಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಇಂಜಿನ್ನು ಈಗ ಕೋಲಾರದಲ್ಲಿ ಸಾಹೇಬರ ಶೆಡ್ಡಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದೆ. ಒಂದು ಸಾಮಾನು ಸಿಕ್ಕರೆ ಇನ್ನೊಂದು ಸಿಕ್ಕುವುದಿಲ್ಲ. ಓಡುತ್ತದೆಂದು ಅವರು ಇನ್ನೂ ಮಾತು ಕೊಟ್ಟಿಲ್ಲ. ನಾನು ಶೆಡ್ಡಿಗೆ ಹೊಸ ಶೀಟು ಹಾಕಿಸಿ, ಅದರ ಅಂಚಿಗೆ ಮಳೆ ನೀರು ಹರಿಯಲು ದೋಣಿ ಕಟ್ಟಿಸಿ, ಕೆಳಗೆ ಒಂದು ನೀಲಿ ಡ್ರಮ್ಮು ಇಟ್ಟು, ತಮ್ಮನಿಗೂ ಹೇಳಿದ್ದೇನೆ.

ಮೊನ್ನೆ ಮಧ್ಯಾಹ್ನ ಮೋಡ ಕಟ್ಟಿ ಒಂದು ಗಂಟೆ ಚೆನ್ನಾಗಿ ಮಳೆ ಸುರಿಯಿತು. ನಿಂತ ಐದು ನಿಮಿಷಕ್ಕೆ ಫೋನ್ ಬಂತು. ಹಬ್ಬಕ್ಕಲ್ಲದೆ, ಸಾವಿಗಲ್ಲದೆ ನನಗೆ ಫೋನ್ ಮಾಡುವುದನ್ನು ತಮ್ಮ ಎಂದೋ ಬಿಟ್ಟಿದ್ದ.

“ಅಕ್ಕ, ಇಲ್ಲಿ ಮಳೆ ಬಂತು. ಅಲ್ಲಿ?”

“ಬಂತು ಕಣೋ.”

“ಡ್ರಮ್ಮು ತುಂಬ್ತಾ?”

“ಅರ್ಧ,” ಎಂದೆ. “ಮುಚ್ಚಳ ಗಟ್ಟಿಯಾಗಿ ಹಾಕಿದೀನಿ, ನೀನು ಯೋಚ್ನೆ ಮಾಡ್ಬೇಡ.”